ತತ್ವಪದಗಳ ಧ್ವನಿಮುದ್ರಣ ಕೇಳಿ ಬರೆದುಕೊಳ್ಳಲು ಯಾವ ಇನ್-ಇಯರ್ ಮಾನಿಟರ್ ಸೂಕ್ತ? ಫೋನಿಗೆ ಡಾಂಗಲ್ ಬೇಕೇ?

ಭೀಮಾತೀರ, ಯಾದಗಿರಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯವಳು, ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ನಾಲ್ಕು ವರ್ಷಗಳಿಂದ ಸುರಪುರ, ಶಹಾಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಹಾಡುವ ತತ್ವಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬಂದು, ಮತ್ತೆ ಮತ್ತೆ ಕೇಳಿ ಕೈಯಿಂದ ಬರೆದಿಡುತ್ತಿದ್ದೇನೆ. ಹೀಗೆ ಕೂಡಿದ ಪದಗಳು ಇನ್ನೂರು ದಾಟಿವೆ. ಹಾಡಿಕೊಟ್ಟವರಲ್ಲಿ ಇಬ್ಬರು ಈಗ ನಮ್ಮೊಂದಿಗಿಲ್ಲ. ಅವರ ಬಾಯಿಪಾಠ ಉಳಿದಿರುವುದು ನನ್ನ ಬಳಿಯ ಮುದ್ರಣದಲ್ಲಿ ಮಾತ್ರ. ಆದ್ದರಿಂದ ಒಂದು ಅಕ್ಷರ ತಪ್ಪಾಗಿ ಬರೆದರೂ ತಿದ್ದುವವರು ಯಾರೂ ಇಲ್ಲ ಎಂಬ ಭಯ ನನ್ನನ್ನು ಕಾಡುತ್ತದೆ.

ತೊಂದರೆ ಇರುವುದು ಕೊನೆಯ ನುಡಿಯಲ್ಲಿ. ಅಂಕಿತ ಬರುವ ಹೊತ್ತಿಗೆ ಹಾಡುವವರು ಉಸಿರು ಇಳಿಸಿ ದನಿ ತಗ್ಗಿಸುತ್ತಾರೆ, ಸರಿಯಾಗಿ ಅದೇ ಹೊತ್ತಿಗೆ ಮೇಳದವರು ತಾಳವನ್ನು ಜೋರು ಮಾಡುತ್ತಾರೆ. ಒಂದು ಪದದಲ್ಲಿ ಹಿರಿಯರು ‘ಕಲೆ’ ಎಂದರೋ ‘ಕಳೆ’ ಎಂದರೋ ಎಂಬುದನ್ನು ಮೂವತ್ತು ಸಲ ಕೇಳಿದರೂ ನಿರ್ಧರಿಸಲಾಗಲಿಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಇಡೀ ಸಾಲಿನ ಅರ್ಥವೇ ಬೇರೆಯಾಗುತ್ತದೆ.

ಈಗ ಬಳಸುತ್ತಿರುವುದು ಕತ್ತಿಗೆ ಹಾಕಿಕೊಳ್ಳುವ ಸಾಧಾರಣ ಬ್ಲೂಟೂತ್ ನೆಕ್‌ಬ್ಯಾಂಡ್. ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿಯೂ, ಯಾದಗಿರಿಯಿಂದ ಕಲಬುರಗಿಗೆ ಹೋಗಿಬರುವ ರೈಲಿನಲ್ಲಿ ಫೋನಿನಲ್ಲಿಯೂ ಕೇಳುತ್ತೇನೆ. ಫೋನಿಗೆ ಇಯರ್‌ಫೋನಿನ ಕಿಂಡಿ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಅಂಗಡಿಯೊಂದರಲ್ಲಿ ಟೈಪ್-ಸಿ ಅಡಾಪ್ಟರ್ ಕೊಂಡೆ, ಅದು ನನ್ನ ಫೋನಿನಲ್ಲಿ ಸದ್ದನ್ನೇ ಕೊಡಲಿಲ್ಲ. ತಮ್ಮನ ತಂತಿಯ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗುಂಯ್ ಎಂಬ ಸಣ್ಣ ಸದ್ದು ಬಿಡದೆ ಕೇಳುತ್ತದೆ. ಹಾಡುಗಾರರು ವೇದಿಕೆಯ ಮೇಲೆ ಹಾಕಿಕೊಳ್ಳುವ, ಕಿವಿಯ ನಾಳದೊಳಗೆ ಕೂರುವ ಇನ್-ಇಯರ್ ಮಾನಿಟರುಗಳು ಇಂಥ ಕೆಲಸಕ್ಕೆ ಒಳ್ಳೆಯವೆಂದು ಕೇಳಿದ್ದೇನೆ. ಎಲ್ಲ ಸೇರಿ ಆರು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಬೇಕೆಂದು ವಿನಂತಿ.

ಬಿದ್ರಿಕುಸುರಿ, ಬೀದರ್

ಅಕ್ಕಾ, ನಮಸ್ಕಾರ. ಅಡಾಪ್ಟರಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಟೈಪ್-ಸಿ ಅಡಾಪ್ಟರುಗಳಲ್ಲಿ ಎರಡು ಬಗೆ. ಒಂದರೊಳಗೆ ಬರೀ ತಂತಿ ಇರುತ್ತದೆ. ಫೋನು ತಾನೇ ಟೈಪ್-ಸಿ ಕಿಂಡಿಯ ಮೂಲಕ ಅನಲಾಗ್ ಧ್ವನಿ ಕಳಿಸುವಂತೆ ಮಾಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಲ್ಲವಾದರೆ ಇಲ್ಲ. ಇನ್ನೊಂದರೊಳಗೆ ಡ್ಯಾಕ್ ಎಂಬ ಪುಟ್ಟ ಚಿಪ್ಪು ಇರುತ್ತದೆ. ಫೋನು ಕಳಿಸುವ ಅಂಕಿಗಳನ್ನು ಅದೇ ಧ್ವನಿಸಂಕೇತವಾಗಿ ಬದಲಿಸಿ ಇಯರ್‌ಫೋನಿಗೆ ಕೊಡುತ್ತದೆ. ಡಾಂಗಲ್ ಎಂದು ಎಲ್ಲರೂ ಕರೆಯುವುದು ಈ ಎರಡನೆಯದನ್ನು. ನಿಮಗೆ ಸಿಕ್ಕಿದ್ದು ಮೊದಲ ಬಗೆಯದು, ಅಷ್ಟೇ. ನಿಮ್ಮ ಫೋನು ಕೆಟ್ಟಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಡ್ಯಾಕ್ ಎಂದು ಬರೆದಿದೆಯೇ ನೋಡಿಕೊಳ್ಳಿ.

ಆ್ಯಪಲ್ ಕಂಪನಿಯ ಪುಟ್ಟ ಡಾಂಗಲ್ ಅಳತೆಗಳಲ್ಲಿ ಬಹಳ ಚೊಕ್ಕವಾಗಿದೆ, ಆದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ದನಿ ಪೂರ್ತಿ ಏರುವುದಿಲ್ಲ. ನಿಮ್ಮದು ಆಂಡ್ರಾಯ್ಡ್ ಆಗಿದ್ದರೆ ಫಿಯೋ ಕೆಎ11 ಅಥವಾ ಜೆಕ್ಯಾಲಿಯವರ ಸಣ್ಣ ಡಾಂಗಲ್ ಸಾಕು. ಇನ್-ಇಯರ್ ಮಾನಿಟರಿಗೆ ಎರಡು ಸಾವಿರದ ಆಸುಪಾಸಿನಲ್ಲಿ ಮೂನ್‌ಡ್ರಾಪ್ ಚು 2, ಸೆವೆನ್‌ಹರ್ಟ್ಸ್ ಝೀರೋ 2 ಇವೆ. ಇನ್ನೂ ಮೇಲೆ ಹೋಗುವುದಾದರೆ ಟ್ರೂಥಿಯರ್ ಝೀರೋ ರೆಡ್. ಇವೆಲ್ಲವುಗಳಲ್ಲೂ ತಂತಿ ಕಳಚಿ ಬೇರೆಯದನ್ನು ಹಾಕಬಹುದು.

ತೊಗರಿಕಣಜ, ಕಲಬುರಗಿ

ಮೇಡಂ, ನಿಮ್ಮ ಕೆಲಸದ ವಿವರ ಓದಿ ಬಹಳ ಸಂತೋಷವಾಯಿತು. ನಾನು ಭಜನೆ, ಜಾತ್ರೆ, ನಾಟಕಗಳಿಗೆ ಇಪ್ಪತ್ತು ವರ್ಷಗಳಿಂದ ಸೌಂಡ್ ನೋಡಿಕೊಳ್ಳುವವನು. ಬೀದರಿನ ಸಹೋದರರು ಹೇಳಿದ ಮಾದರಿಗಳು ಸರಿಯಾಗಿಯೇ ಇವೆ. ಆದರೆ ಮಾದರಿಯ ಹೆಸರಿಗಿಂತ ಮುಂಚೆ ತಿಳಿದುಕೊಳ್ಳಬೇಕಾದ್ದು ಇದೆ, ಅದನ್ನು ತುಸು ವಿವರವಾಗಿ ಬರೆಯುತ್ತೇನೆ.

ಇನ್-ಇಯರ್ ಮಾನಿಟರಿನ ಅರ್ಧ ಗುಣ ಅದರ ತುದಿಯ ರಬ್ಬರಿನಲ್ಲಿದೆ. ಕಿವಿಯ ನಾಳವನ್ನು ರಬ್ಬರು ಸಂದಿಲ್ಲದಂತೆ ಮುಚ್ಚದಿದ್ದರೆ ತಗ್ಗಿನ ಸ್ವರಗಳೆಲ್ಲ ಆ ಸಂದಿಯಿಂದ ಸೋರಿಹೋಗಿ, ಎಷ್ಟೇ ಬೆಲೆಯ ವಸ್ತುವಾದರೂ ತಗಡಿನ ಡಬ್ಬಿಯಂತೆ ಕೇಳುತ್ತದೆ. ಪರೀಕ್ಷೆ ಬಹಳ ಸುಲಭ. ಎದುರು ಕೈಯಿಂದ ಕಿವಿಯ ಮೇಲ್ತುದಿಯನ್ನು ಹಿಂದಕ್ಕೂ ಮೇಲಕ್ಕೂ ಎಳೆದು ಹಿಡಿದು, ಮಾನಿಟರನ್ನು ಸ್ವಲ್ಪ ತಿರುವುತ್ತ ಒಳಗೆ ಕೂರಿಸಿ, ಕೈ ಬಿಡಿ. ಡಗ್ಗಾ ಇರುವ ಒಂದು ಮುದ್ರಣ ಹಚ್ಚಿ, ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ ನೋಡಿ. ಒತ್ತಿದಾಗ ಡಗ್ಗಾದ ಗುಂಕಾರ ಎದ್ದು ಬಂದು, ಬಿಟ್ಟಾಗ ಮಾಯವಾದರೆ ರಬ್ಬರಿನ ಅಳತೆ ನಿಮ್ಮ ಕಿವಿಗೆ ಹೊಂದಿಲ್ಲವೆಂದೇ ಅರ್ಥ. ಡಬ್ಬಿಯಲ್ಲಿ ಕೊಡುವ ಮೂರು ಅಳತೆಗಳನ್ನೂ ಎರಡು ಕಿವಿಗೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಅಳತೆ ಕೂರುವುದು ಸಾಮಾನ್ಯ. ಟ್ರೂಥಿಯರ್ ಝೀರೋ ರೆಡ್ ಸೊಗಸಾಗಿ ನುಡಿಯುತ್ತದೆ, ಆದರೆ ಅದರ ಕೊಳವೆ ದಪ್ಪ. ಸಣ್ಣ ಕಿವಿಯವರಿಗೆ ಅರ್ಧ ಗಂಟೆಯಲ್ಲಿ ನೋವು ಬರಬಹುದು. ದಿನಕ್ಕೆ ಎರಡು ಮೂರು ತಾಸು ಕೂತು ಬರೆಯುವ ನಿಮಗೆ ಅದನ್ನು ಹಾಕಿ ನೋಡದೆ ಕೊಳ್ಳಿರೆಂದು ನಾನು ಹೇಳಲಾರೆ.

ಎರಡನೆಯದು ಸ್ವರದ ಹದ, ಅಂದರೆ ಟ್ಯೂನಿಂಗ್. ನಮ್ಮ ಹೊರಗಿವಿ ಮತ್ತು ಕಿವಿಯ ನಾಳ ಸೇರಿ ಸುಮಾರು 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾವಾಗಿಯೇ ಎತ್ತಿಕೊಡುತ್ತವೆ. ಎದುರಿಗೆ ಕೂತವರ ಮಾತು ನಮಗೆ ಸ್ಪಷ್ಟವಾಗಿ ಕೇಳುವುದರಲ್ಲಿ ಇದರ ಪಾಲು ದೊಡ್ಡದು. ನಾಳಕ್ಕೆ ಬಿರಡೆ ಹಾಕಿದಂತೆ ಮಾನಿಟರ್ ಕೂರಿಸಿದಾಗ ಈ ಸಹಜ ಏರಿಕೆ ತಪ್ಪಿಹೋಗುತ್ತದೆ. ಆದ್ದರಿಂದ ತಯಾರಿಸುವವರು ಅಷ್ಟೇ ಏರಿಕೆಯನ್ನು ಮಾನಿಟರಿನೊಳಗೇ ಕಟ್ಟಿಕೊಡಬೇಕಾಗುತ್ತದೆ. ಧ್ವನಿ ಉಪಕರಣ ಮಾಡುವ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ, ಯಾವ ಸ್ವರ ಎಷ್ಟು ಎದ್ದಿರಬೇಕೆಂದು ರೂಪಿಸಿದ ಗುರಿರೇಖೆಯನ್ನು ಇಂದು ಅಗ್ಗದ ಮಾನಿಟರುಗಳೂ ಬಹುಮಟ್ಟಿಗೆ ಅನುಸರಿಸುತ್ತಿರುವುದರಿಂದಲೇ ಎರಡು ಸಾವಿರಕ್ಕೂ ಒಳ್ಳೆಯ ವಸ್ತು ಸಿಗುವಂತಾಗಿದೆ. ಬರೀ ಬೇಸ್ ತುಂಬಿದ ನೆಕ್‌ಬ್ಯಾಂಡಿನಲ್ಲಿ ಈ ಏರಿಕೆ ಸಾಲದು, ಹಾಡುವವರು ಗೋಡೆಯ ಆಚೆ ಕೂತಂತೆ ಕೇಳುತ್ತಾರೆ. ನಿಮ್ಮ ‘ಲ’ಕಾರ ‘ಳ’ಕಾರಗಳ ಭೇದ ಕಾಣಿಸುವುದು ಹೆಚ್ಚಾಗಿ 1,500ರಿಂದ 3,000 ಹರ್ಟ್ಸ್ ನಡುವಿನ ಪಟ್ಟಿಯಲ್ಲಿ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿದ್ದರೂ ‘ಳ’ ತಿಳಿಯುತ್ತಿತ್ತು, ‘ಸ’ ಮಾತ್ರ ಮಸುಕಾಗುತ್ತಿತ್ತು. ಇನ್ನೊಂದು ಮಾತು: 6,000ರಿಂದ 8,000 ಹರ್ಟ್ಸ್ ಭಾಗ ಅತಿಯಾಗಿ ಎದ್ದಿರುವ ಮಾನಿಟರನ್ನು ನೀವು ತೆಗೆದುಕೊಳ್ಳಬೇಡಿ. ಹತ್ತು ನಿಮಿಷ ಕೇಳಿದಾಗ ‘ಎಷ್ಟು ಸ್ಪಷ್ಟ’ ಎನ್ನಿಸುತ್ತದೆ, ಆಮೇಲೆ ಕಂಚಿನ ತಾಳ ಸೂಜಿಯಂತೆ ಚುಚ್ಚಿ ನೀವೇ ದನಿ ತಗ್ಗಿಸುತ್ತೀರಿ, ಅಂಕಿತ ಮತ್ತೆ ಮುಳುಗುತ್ತದೆ. ಮಾನಿಟರಿನೊಳಗೆ ಸದ್ದು ಹುಟ್ಟಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಒಳಗೆ ನಾಲ್ಕು ಡ್ರೈವರ್, ಆರು ಡ್ರೈವರ್ ಎಂಬ ಜಾಹೀರಾತಿಗೆ ಬೆಲೆ ಕೊಡಬೇಡಿ. ಒಂದೇ ಡೈನಮಿಕ್ ಡ್ರೈವರಿನ ಹದವಾದ ಮಾನಿಟರು ನಿಮಗೆ ಸಾಕು.

ಇನ್ನು ಡಾಂಗಲ್ಲಿನ ಶಕ್ತಿ. ಇನ್-ಇಯರ್ ಮಾನಿಟರುಗಳಿಗೆ ಬೇಕಾಗುವ ವಿದ್ಯುತ್ತು ಬಹಳ ಕಡಿಮೆ. ಲೆಕ್ಕ ಹಾಕಿ ನೋಡಿ: 16 ಓಮ್ ಮಾನಿಟರಿಗೆ 1 ವೋಲ್ಟ್ ಕೊಟ್ಟರೆ 62.5 ಮಿಲಿವ್ಯಾಟ್ ಆಗುತ್ತದೆ. 1 ಮಿಲಿವ್ಯಾಟಿಗೆ 105 ಡೆಸಿಬೆಲ್ ಕೊಡುವ ಮಾನಿಟರು ಅಷ್ಟರಲ್ಲಿ ಸುಮಾರು 123 ಡೆಸಿಬೆಲ್ ಕೂಗುತ್ತದೆ, ಅದು ಕಿವಿಗೆ ಅಪಾಯದ ಮಟ್ಟ. ಹೀಗಿರುವಾಗ ‘ಹೆಚ್ಚು ಪವರ್’ ಎಂದು ಎಂಟು ಹತ್ತು ಸಾವಿರದ ಡಾಂಗಲ್ ಕೊಳ್ಳುವುದರಿಂದ ನಿಮಗೆ ಬರುವ ಲಾಭ ಏನೂ ಇಲ್ಲ. ನೋಡಬೇಕಾದ್ದು ಎರಡೇ: ಸದ್ದಿಲ್ಲದಾಗ ಸುಂಯ್ ಎಂಬ ಹಿನ್ನೆಲೆ ಇರಬಾರದು, ಮತ್ತು ಡಾಂಗಲ್ಲಿನ ಔಟ್‌ಪುಟ್ ಪ್ರತಿರೋಧ ಮಾನಿಟರಿನ ಪ್ರತಿರೋಧದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. 16 ಓಮಿಗೆ 2 ಓಮ್ ಒಳಗೆ. ಇದು ಮೀರಿದರೆ ಅನೇಕ ಡ್ರೈವರುಗಳ ಮಾನಿಟರುಗಳಲ್ಲಿ ಸ್ವರದ ಹದವೇ ಬದಲಾಗುತ್ತದೆ. ಝೀರೋ ರೆಡ್ ಜೊತೆಗೆ 10 ಓಮಿನ ಒಂದು ತುಂಡು ತಂತಿ ಕೊಡುತ್ತಾರಲ್ಲ, ಅದನ್ನು ನಡುವೆ ಹಾಕಿದರೆ ಬೇಸ್ ಹೆಚ್ಚುವುದು ಇದೇ ಕಾರಣದಿಂದ. ನಮ್ಮ ಕೆಲವು ಹಳೆಯ ಮಿಕ್ಸರುಗಳ ಹೆಡ್‌ಫೋನ್ ಕಿಂಡಿಗೆ ನನ್ನ ಮಾನಿಟರು ಚುಚ್ಚಿದಾಗ ಸ್ವರ ಬೇರೆಯಾಗಿ ಕೇಳುವುದೂ ಇದರಿಂದಲೇ.

ಲ್ಯಾಪ್‌ಟಾಪಿನ ಗುಂಯ್ ಸದ್ದಿಗೆ ಡಾಂಗಲ್ ಕೊಂಡರೂ ಪೂರ್ತಿ ಪರಿಹಾರ ಸಿಗದಿರಬಹುದು. ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆ ನಡೆಸಿ ಕೇಳಿ. ಸದ್ದು ನಿಂತರೆ ದೋಷ ಹೆಚ್ಚಾಗಿ ಮನೆಯ ಅರ್ಥಿಂಗಿನದು. ನಮ್ಮ ಕರೆಂಟು 50 ಹರ್ಟ್ಸ್, ಅದರ ಗುಂಯ್‌ಕಾರ ಚಾರ್ಜರ್ ಹಾದು ಕಿವಿಗೆ ಬರುತ್ತದೆ. ಮೂರು ಕಾಲಿನ ಪ್ಲಗ್ ಬಳಸುತ್ತಿದ್ದೀರಾ, ಬೋರ್ಡಿನಲ್ಲಿ ಅರ್ಥ್ ತಂತಿ ಗಟ್ಟಿಯಾಗಿ ಕೂತಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ನಮ್ಮ ಭಾಗದಲ್ಲಿ ಬೇಸಿಗೆಗೆ ಎರೆಮಣ್ಣು ಬಿರಿದು, ಇದ್ದಿಲು ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಒಣಗಿಬಿಡುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ರೂಢಿ ಇದಕ್ಕೇ ಬಂದದ್ದು. ಅಲ್ಲಿಯವರೆಗೆ ಬ್ಯಾಟರಿಯ ಮೇಲೆಯೇ ಕೇಳಿ.

ಕೊನೆಯದಾಗಿ, ಎಲ್ಲರೂ ಮರೆಯುವ ಸಂಗತಿ. ಧ್ವನಿಯ ಮೂಲ ಎಂದರೆ ಡಾಂಗಲ್ ಅಲ್ಲ, ಮುದ್ರಣದ ಕಡತ. ಹಳ್ಳಿಯಿಂದ ಯಾರಾದರೂ ವಾಟ್ಸ್‌ಆ್ಯಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದ ಪದಗಳು ನಿಮ್ಮ ಬಳಿ ಇದ್ದರೆ, ಅವು ಕಳಿಸುವಾಗಲೇ ಬಹಳ ಹಿಂಡಿಹೋಗಿರುತ್ತವೆ. ಕಳೆದುಹೋದ ‘ಳ’ಕಾರವನ್ನು ಯಾವ ಮಾನಿಟರೂ ಮರಳಿ ತರಲಾರದು. ಫೋನಿನ ರೆಕಾರ್ಡರಿನಲ್ಲಿ ಹಿಂಡದೆ ಉಳಿಸುವ ವೇವ್ ಕಡತವಾಗಿ ಮುದ್ರಿಸಿ, ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಕಡತ ಇದ್ದಂತೆಯೇ ಬರುತ್ತದೆ.

ಕಿವಿಮಾತು, ಕಲಬುರಗಿ

ಶ್ರವಣ ಪರೀಕ್ಷೆಯ ಕೆಲಸದಲ್ಲಿರುವವಳಾಗಿ ಒಂದು ವಿಷಯ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ತಾಸು ಕೇಳಬಹುದು; ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತ ಹೋಗಿ, 90 ಡೆಸಿಬೆಲ್ ಆದಾಗ ವಾರಕ್ಕೆ ನಾಲ್ಕೇ ತಾಸು ಉಳಿಯುತ್ತದೆ. ಅಡಗಿದ ಒಂದು ಅಕ್ಷರಕ್ಕಾಗಿ ದನಿ ಏರಿಸಿ, ಅದೇ ಸಾಲನ್ನು ಮೂವತ್ತು ಸಲ ಕೇಳುವ ನಿಮ್ಮಂಥವರಿಗೆ ಇದು ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ಆ ಸಾಲಿನ ಪಕ್ಕದಲ್ಲೇ ತಾಳದ ಪೆಟ್ಟೂ ಇದೆ. ಅರ್ಧ ತಾಸಿಗೊಮ್ಮೆ ಮಾನಿಟರು ತೆಗೆದಿಟ್ಟು ಕಿವಿಗೆ ಗಾಳಿ ಆಡಲು ಬಿಡಿ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಸುಂಯ್‌ಗುಟ್ಟಿದರೆ ಅಂದಿಗೆ ಕೆಲಸ ನಿಲ್ಲಿಸಬೇಕು. ಕಿವಿ ಶುಚಿಗೆಂದು ಕಡ್ಡಿ, ಪಿನ್ನು ಹಾಕಬೇಡಿ. ಮಾನಿಟರಿನ ಬಾಯಿಯ ಜಾಲರಿಗೆ ಗುಗ್ಗೆ ಕಟ್ಟಿಕೊಂಡರೆ ಒಂದು ಕಡೆಯ ದನಿ ಇಳಿಯುತ್ತದೆ, ಅದನ್ನು ಜನ ಕಿವಿಯ ದೋಷವೆಂದು ತಿಳಿದು ನಮ್ಮಲ್ಲಿಗೆ ಬರುವುದುಂಟು. ಒಣ ಮೆತ್ತನೆಯ ಬ್ರಷ್ಷಿನಿಂದ, ಬಾಯಿ ಕೆಳಗೆ ಮಾಡಿ ಹಿಡಿದು ಜಾಲರಿ ಒರೆಸಿದರೆ ಸಾಕು.

ಬಿದ್ರಿಕುಸುರಿ, ಬೀದರ್

ತೊಗರಿಕಣಜ ಸರ್ ಅವರ ಮಾತನ್ನು ಒಪ್ಪುತ್ತಲೇ, ರೈಲಿನ ವಿಷಯದಲ್ಲಿ ನನ್ನದೊಂದು ಬೇರೆ ಅಭಿಪ್ರಾಯವಿದೆ. ನಾನು ಬೀದರ್–ಕಲಬುರಗಿ ರೈಲಿನಲ್ಲಿ ಓಡಾಡುವವನು. ಮರಗುತ್ತಿ ಸುರಂಗದೊಳಗೆ ಕಿಟಕಿ ತೆರೆದ ಬೋಗಿಯಲ್ಲಿ ಸಾಧಾರಣ ಮಾನಿಟರು ಏನನ್ನೂ ತಡೆಯುವುದಿಲ್ಲ. ಎಟಿಮೋಟಿಕ್ ಕಂಪನಿಯವರು 1991ರಿಂದ ಇಆರ್4 ಎಂಬ ಸಾಲಿನ ಮಾನಿಟರುಗಳನ್ನು ಮಾಡುತ್ತ ಬಂದಿದ್ದಾರೆ. ಮೂರು ಪದರದ ರಬ್ಬರು ಕಿವಿಯ ಆಳಕ್ಕೆ ಹೋಗಿ ಕೂರುವುದರಿಂದ ಹೊರಗಿನ ಸದ್ದು 35 ಡೆಸಿಬೆಲ್ಲಿನಷ್ಟು ಕಡಿಮೆಯಾಗುತ್ತದೆ. ಅದೇ ಕಂಪನಿಯ ಕಡಿಮೆ ಬೆಲೆಯ ಮಾದರಿಯೊಂದನ್ನು ಬಳಸುತ್ತಿದ್ದೇನೆ. ಹೊರಗಿನ ಸದ್ದು ತಗ್ಗಿದರೆ ದನಿ ಏರಿಸುವ ಪ್ರಮೇಯವೇ ಬರುವುದಿಲ್ಲ, ಅದು ಕಿವಿಗೂ ಒಳ್ಳೆಯದು. ಒಪ್ಪುತ್ತೇನೆ, ಅಷ್ಟು ಆಳಕ್ಕೆ ಹಾಕಿಕೊಳ್ಳುವುದು ಎಲ್ಲರಿಗೂ ಸಹಿಸುವುದಿಲ್ಲ. ಅಂಥವರು ಸ್ಪಂಜಿನ ಟಿಪ್ಪು ಹಾಕಿ ನೋಡಬಹುದು. ಬೆರಳಿನಲ್ಲಿ ಹಿಂಡಿ ಒಳಗಿಟ್ಟರೆ ಅರ್ಧ ನಿಮಿಷದಲ್ಲಿ ಹಿಗ್ಗಿ ನಾಳ ತುಂಬುತ್ತದೆ. ನಮ್ಮ ಮೇ ತಿಂಗಳ ಬೆವರಿಗೆ ಅವು ಬೇಗ ಹಾಳಾಗುತ್ತವೆ, ಅದೊಂದು ಖರ್ಚು.

ತೊಗರಿಕಣಜ, ಕಲಬುರಗಿ

ಸಹೋದರರ ಮಾತು ಸಂಗೀತ ಕೇಳುವವರಿಗೆ ಸರಿ. ಆದರೆ ಮೇಡಂ ಅವರದು ಪಾಠ ನಿರ್ಣಯದ ಕೆಲಸ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಾಗಿನ ಗದ್ದಲದಲ್ಲಿ ‘ಕಲೆ’ಯೋ ‘ಕಳೆ’ಯೋ ಎಂದು ತೀರ್ಮಾನಿಸಬೇಡಿರೆಂದೇ ನನ್ನ ವಿನಂತಿ. ರೈಲಿನಲ್ಲಿ ಪದದ ಧಾಟಿ ಕೇಳಿಕೊಳ್ಳಿ, ಸಂದೇಹದ ಸಾಲುಗಳ ನಿಮಿಷ-ಸೆಕೆಂಡು ಗುರುತು ಮಾಡಿಕೊಳ್ಳಿ. ನಿರ್ಣಯ ರಾತ್ರಿ ಮನೆಯಲ್ಲಿ, ಫ್ಯಾನು ನಿಲ್ಲಿಸಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಶ್ರುತಿ ಬದಲಾಗದಂತೆ ವೇಗವನ್ನಷ್ಟೇ ತಗ್ಗಿಸಬಹುದು. ಸಂದೇಹದ ತುಣುಕನ್ನು ಪ್ರತಿ ಮಾಡಿಕೊಂಡು, ವೇಗವನ್ನು ಮುಕ್ಕಾಲಿಗೆ ಇಳಿಸಿ, 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 5,000 ಹರ್ಟ್ಸ್ ಮೇಲಿನದನ್ನು ತುಸು ತಗ್ಗಿಸಿದರೆ ತಾಳ ಹಿಂದೆ ಸರಿದು ಬಾಯಿಯ ಅಕ್ಷರ ಮುಂದೆ ಬರುತ್ತದೆ. ಮೂಲ ಕಡತವನ್ನು ಮಾತ್ರ ಎಂದೂ ಮುಟ್ಟಬೇಡಿ.

ಭೀಮಾತೀರ, ಯಾದಗಿರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಸೆವೆನ್‌ಹರ್ಟ್ಸ್ ಝೀರೋ 2 ಮತ್ತು ಡ್ಯಾಕ್ ಇರುವ ಒಂದು ಸಣ್ಣ ಡಾಂಗಲ್ ತರಿಸಿಕೊಂಡೆ. ತೆಗೆದಿಟ್ಟ ಹಣದಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಖರ್ಚಾಯಿತು. ಮೊದಲ ದಿನ ಬಲಗಡೆ ಬಹಳ ತೆಳುವಾಗಿ ಕೇಳಿ ವಸ್ತುವೇ ಕೆಟ್ಟಿದೆಯೇನೋ ಎಂದುಕೊಂಡೆ. ತೊಗರಿಕಣಜ ಸರ್ ಹೇಳಿದಂತೆ ಬೆರಳಿನಿಂದ ಒತ್ತಿದಾಗ ಡಗ್ಗಾ ತಟ್ಟನೆ ಎದ್ದು ಬಂತು. ಎಡಕ್ಕೆ ನಡುವಿನ ಅಳತೆ, ಬಲಕ್ಕೆ ಸಣ್ಣದು ಹಾಕಿದ ಮೇಲೆ ಎರಡೂ ಸಮವಾದವು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಬೋರ್ಡಿನ ಅರ್ಥ್ ತಂತಿ ಸ್ಕ್ರೂ ಬಿಟ್ಟು ಈಚೆಗೆ ಬಂದಿತ್ತು. ಅದನ್ನು ಬಿಗಿದ ಮೇಲೆ ಗುಂಯ್ ಸದ್ದು ಇಲ್ಲ.

ಮೂವತ್ತು ಸಲ ಕೇಳಿದ ಆ ಸಾಲನ್ನು ಒಂದು ರಾತ್ರಿ ವೇಗ ತಗ್ಗಿಸಿ ಕೇಳಿದೆ. ನಾಲಿಗೆ ಮೇಲಕ್ಕೆ ಮಡಿದು ಬಿಡುವ ಸಣ್ಣ ಹೊರಳು ಸ್ಪಷ್ಟವಾಗಿ ಕೇಳಿತು. ಅದು ‘ಕಳೆ’ಯೇ. ನಾನು ‘ಕಲೆ’ ಎಂದು ಬರೆದಿಟ್ಟಿದ್ದೆ. ಈಗ ಬರೆದ ಪದಗಳನ್ನೆಲ್ಲ ಮೊದಲಿನಿಂದ ಕೇಳಿ ನೋಡುತ್ತಿದ್ದೇನೆ, ನಲವತ್ತು ಮುಗಿದಿವೆ, ಒಂಬತ್ತು ಕಡೆ ತಿದ್ದಿದ್ದೇನೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಶಹಾಪುರ ಕಡೆಯ ಹಿರಿಯರೊಬ್ಬರು ಬರುವ ಅಮಾವಾಸ್ಯೆಯ ಭಜನೆಗೆ ಬರಲು ಹೇಳಿದ್ದಾರೆ. ಇದುವರೆಗೆ ಫೋನನ್ನು ಮೇಳದ ನಡುವೆ, ನೆಲದ ಮೇಲೆ ಇಡುತ್ತಿದ್ದೆ. ತಾಳ ಮುಂದಾಗಲು ಅದೂ ಕಾರಣವೇ?

ತೊಗರಿಕಣಜ, ಕಲಬುರಗಿ

ಹೌದು ಮೇಡಂ, ಅದೇ ಮುಖ್ಯ ಕಾರಣ. ದೂರ ಅರ್ಧವಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಮೀಟರ್ ದೂರದಲ್ಲಿದ್ದ ಫೋನನ್ನು ಹಿರಿಯರ ಬಾಯಿಯಿಂದ ಅರ್ಧ ಮೀಟರಿಗೆ ತಂದರೆ ಅವರ ದನಿಗೆ 12 ಡೆಸಿಬೆಲ್ ಕೂಡುತ್ತದೆ, ತಾಳದವರು ಅಷ್ಟೇ ದೂರದಲ್ಲಿ ಉಳಿಯುತ್ತಾರೆ. ತಾಳ ಹಿಡಿದವರನ್ನು ಫೋನಿನ ಬೆನ್ನಿನ ಕಡೆ ಕೂರುವಂತೆ ಕೇಳಿಕೊಳ್ಳಿ. ಫೋನನ್ನು ಬರಿ ನೆಲದ ಮೇಲೆ ಇಡದೆ, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಎತ್ತರದ ಪೆಟ್ಟಿಗೆಯ ಮೇಲಿಟ್ಟು, ಮೈಕಿನ ತೂತು ಹಿರಿಯರ ಕಡೆ ಇರುವಂತೆ ಇಡಿ. ಫ್ಲೈಟ್ ಮೋಡಿಗೆ ಹಾಕುವುದನ್ನು ಮರೆಯಬೇಡಿ. ಹಾಡು ಶುರುವಾಗುವ ಮುಂಚೆ ಒಂದು ನಿಮಿಷ ಮುದ್ರಿಸಿ, ಅಲ್ಲಿಯೇ ಮಾನಿಟರು ಹಾಕಿಕೊಂಡು ಕೇಳಿ ನೋಡಿ. ಭಜನೆ ಮುಗಿದ ಮೇಲೆ ಕೊನೆಯ ನುಡಿಯನ್ನು ತಾಳವಿಲ್ಲದೆ ಒಮ್ಮೆ ಹೇಳಿಕೊಡಿರೆಂದು ಹಿರಿಯರಲ್ಲಿ ಕೇಳಿ, ಅದನ್ನೂ ಅದೇ ಕಡತದಲ್ಲಿ ಮುದ್ರಿಸಿಕೊಳ್ಳಿ.